ಅಯಾನು ನೋದಕಗಳಲ್ಲಿ ವಿದ್ಯುದ್ವಾರಗಳ ವಿನ್ಯಾಸ ಮತ್ತು ಪ್ಲಾಸ್ಮಾದ ವರ್ತನೆ

ಪೀಠಿಕೆ

ಅನಿಲವನ್ನು ವಿದ್ಯುತ್ತಿನಿಂದ ಅಯಾನೀಕರಿಸಿ, ಆ ಅಯಾನುಗಳನ್ನು ಅತಿ ವೇಗದಲ್ಲಿ ಹೊರಸೂಸಿ ಬಾಹ್ಯಾಕಾಶ ನೌಕೆಯನ್ನು ಮುಂದೂಡುವ ಸಾಧನವೇ ಅಯಾನು ನೋದಕ. ಇದರ ಬಲ ಅತ್ಯಲ್ಪ. ಅಮೆರಿಕದ ನಾಸಾ ಸಂಸ್ಥೆಯ ಡೀಪ್ ಸ್ಪೇಸ್-1 (1998) ಮತ್ತು ಡಾನ್ (2007) ನೌಕೆಗಳಲ್ಲಿ ಬಳಸಲಾದ ಎನ್‌ಸ್ಟಾರ್ ನೋದಕದ ಗರಿಷ್ಠ ಬಲ ಸುಮಾರು 92 ಮಿಲಿನ್ಯೂಟನ್. ಅಂದರೆ ಭೂಮಿಯ ಮೇಲೆ ಸುಮಾರು 9 ಗ್ರಾಂ ವಸ್ತುವಿನ ತೂಕದಷ್ಟು. ಆದ್ದರಿಂದ ನೋದಕವು ಸಾವಿರಾರು ಗಂಟೆ ಕೆಲಸ ಮಾಡಬೇಕಾಗುತ್ತದೆ. ಅದರ ಆಯುಷ್ಯವು ಬಹುಮಟ್ಟಿಗೆ ವಿದ್ಯುದ್ವಾರಗಳ ವಿನ್ಯಾಸವನ್ನು ಅವಲಂಬಿಸಿರುತ್ತದೆ.

ಪ್ರಮುಖ ಭಾಗಗಳು

1. ಟೊಳ್ಳು ಕ್ಯಾಥೋಡ್: ಕಾದಾಗ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಇವು ಕ್ಸೆನಾನ್ ಪರಮಾಣುಗಳಿಗೆ ಬಡಿದು ಪ್ಲಾಸ್ಮಾ ಉಂಟಾಗುತ್ತದೆ.
2. ಆನೋಡ್: ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತದೆ. ಅವು ಬೇಗನೆ ಆನೋಡ್ ಸೇರದಂತೆ ಆಯಸ್ಕಾಂತಗಳು ತಡೆಯುವುದರಿಂದ ಅಯಾನೀಕರಣ ಹೆಚ್ಚುತ್ತದೆ.
3. ಜಾಲರಿಗಳು: ಸೂಕ್ಷ್ಮ ರಂಧ್ರಗಳುಳ್ಳ ಎರಡು ತೆಳು ಫಲಕಗಳು. ಎನ್‌ಸ್ಟಾರ್‌ನಲ್ಲಿ ಒಳಜಾಲರಿ ಸುಮಾರು 1100 ವೋಲ್ಟ್ ಧನ ವಿಭವದಲ್ಲಿಯೂ, ಹೊರಜಾಲರಿ ಋಣ ವಿಭವದಲ್ಲಿಯೂ ಇರುತ್ತದೆ.
4. ತಟಸ್ಥಕಾರಿ: ಹೊರಹೋಗುವ ಅಯಾನುಗಳಿಗೆ ಎಲೆಕ್ಟ್ರಾನುಗಳನ್ನು ಸೇರಿಸಿ, ನೌಕೆಯಲ್ಲಿ ವಿದ್ಯುದಂಶ ಶೇಖರವಾಗುವುದನ್ನು ತಡೆಯುತ್ತದೆ.

ವಿನ್ಯಾಸದ ಪರಿಣಾಮಗಳು

ಒಳಜಾಲರಿಯ ಪ್ರತಿ ರಂಧ್ರದಲ್ಲೂ ಪ್ಲಾಸ್ಮಾದ ಅಂಚು ಬಾಗಿ ಮಸೂರದಂತೆ ವರ್ತಿಸುತ್ತದೆ. ವೋಲ್ಟೇಜಿಗೆ ಹೋಲಿಸಿದಲ್ಲಿ ಪ್ಲಾಸ್ಮಾದ ಸಾಂದ್ರತೆ ಅಧಿಕವಾದರೆ ಅಯಾನುಗಳ ಕಿರಣ ಹರಡಿಕೊಳ್ಳುತ್ತದೆ. ತೀರಾ ಕಡಿಮೆಯಾದರೆ ಅಡ್ಡಹಾಯುತ್ತದೆ. ಎರಡೂ ಸಂದರ್ಭಗಳಲ್ಲಿ ಅಯಾನುಗಳು ಹೊರಜಾಲರಿಗೆ ನೇರವಾಗಿ ಬಡಿಯುತ್ತವೆ.

ಜಾಲರಿಗಳ ನಡುವಿನ ಅಂತರ ಕಡಿಮೆಯಾದಷ್ಟೂ ಹೆಚ್ಚು ಅಯಾನುಗಳನ್ನು ಸೆಳೆಯಬಹುದು. ಆದರೆ ಒಂದು ಮಿಲಿಮೀಟರಿಗಿಂತಲೂ ಕಿರಿದಾದ ಆ ಅಂತರದಲ್ಲಿ ಒಂದು ಕಣ ಸಿಲುಕಿದರೂ ಸಾಕು, ವಿದ್ಯುತ್ ಮಂಡಲ ಹ್ರಸ್ವಗೊಳ್ಳುತ್ತದೆ. 1998ರ ನವೆಂಬರ್‌ನಲ್ಲಿ ಡೀಪ್ ಸ್ಪೇಸ್-1ರ ನೋದಕವು ಮೊದಲ ಬಾರಿ ಚಾಲನೆಗೊಂಡು ಸುಮಾರು ನಾಲ್ಕೂವರೆ ನಿಮಿಷಗಳಲ್ಲಿ ನಿಂತುಹೋಯಿತು. ಇಂತಹ ಕಣವೇ ಕಾರಣವೆಂದು ಶಂಕಿಸಲಾಯಿತು. ಎರಡು ವಾರಗಳ ನಂತರ ಅದು ಪುನಃ ಚಾಲನೆಗೊಂಡು, 2001ರಲ್ಲಿ ಕಾರ್ಯಾಚರಣೆ ಮುಗಿಯುವ ವೇಳೆಗೆ ಒಟ್ಟು 16,000ಕ್ಕೂ ಹೆಚ್ಚು ಗಂಟೆ ಕೆಲಸ ಮಾಡಿತ್ತು.

ಸವೆತದ ಸಮಸ್ಯೆ

ಅಯಾನೀಕರಣಗೊಳ್ಳದ ಪರಮಾಣುಗಳು ವೇಗದ ಅಯಾನುಗಳೊಡನೆ ವಿದ್ಯುದಂಶ ವಿನಿಮಯ ಮಾಡಿಕೊಂಡಾಗ ನಿಧಾನಗತಿಯ ಅಯಾನುಗಳು ಹುಟ್ಟುತ್ತವೆ. ಇವು ಋಣ ವಿಭವದ ಹೊರಜಾಲರಿಯತ್ತ ಸೆಳೆಯಲ್ಪಟ್ಟು ಅದನ್ನು ಸವೆಸುತ್ತವೆ. ಋಣ ವೋಲ್ಟೇಜನ್ನು ತಗ್ಗಿಸಿದರೆ ಸವೆತ ಕಡಿಮೆಯಾಗುತ್ತದೆ. ಆದರೆ ಮಿತಿಮೀರಿ ತಗ್ಗಿಸಿದಲ್ಲಿ ಹೊರಗಿನ ಎಲೆಕ್ಟ್ರಾನುಗಳು ಹಿಮ್ಮುಖವಾಗಿ ಒಳನುಗ್ಗುತ್ತವೆ. ಈ ಎರಡರ ನಡುವಣ ಸಮತೋಲನವೇ ವಿನ್ಯಾಸಕಾರರ ಮುಖ್ಯ ಕಾರ್ಯವಾಗಿರುತ್ತದೆ.

ಡೀಪ್ ಸ್ಪೇಸ್-1ರ ಬದಲಿ ನೋದಕವನ್ನು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ 2003ರವರೆಗೆ 30,352 ಗಂಟೆಗಳ ಕಾಲ ಪರೀಕ್ಷಿಸಲಾಯಿತು. ಜಾಲರಿಗಳಷ್ಟೇ ಅಲ್ಲದೆ, ಕ್ಯಾಥೋಡನ್ನು ರಕ್ಷಿಸುವ ಕೀಪರ್ ಎಂಬ ವಿದ್ಯುದ್ವಾರವೂ ತೀವ್ರವಾಗಿ ಸವೆದಿರುವುದು ಕಂಡುಬಂದಿತು.

ಪರ್ಯಾಯ ಕ್ರಮಗಳು

ಎನ್‌ಸ್ಟಾರ್ ಜಾಲರಿಗಳನ್ನು ಮಾಲಿಬ್ಡಿನಮ್ ಲೋಹದಿಂದ ತಯಾರಿಸಲಾಗಿತ್ತು. ಜಪಾನಿನ ಹಯಬುಸಾ ನೌಕೆಯಲ್ಲಿ (2003–2010) ಸವೆತವನ್ನು ಹೆಚ್ಚು ತಾಳುವ ಇಂಗಾಲ ಸಂಯುಕ್ತದ ಜಾಲರಿಗಳನ್ನು ಅಳವಡಿಸಲಾಯಿತು. ಅಲ್ಲದೆ ಮೈಕ್ರೋವೇವ್ ತರಂಗಗಳಿಂದ ಪ್ಲಾಸ್ಮಾ ಉತ್ಪಾದಿಸಿ, ಸವೆಯುವ ಟೊಳ್ಳು ಕ್ಯಾಥೋಡನ್ನೇ ಕೈಬಿಡಲಾಯಿತು.

ಭಾರತದಲ್ಲಿ

ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯನ್ನು ಹೊಂದಿರುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2017ರ ಮೇ 5ರಂದು ಉಡಾಯಿಸಿದ ಜಿಸ್ಯಾಟ್-9 ಉಪಗ್ರಹದಲ್ಲಿ ವಿದ್ಯುತ್ ನೋದನ ವ್ಯವಸ್ಥೆಯನ್ನು ಅಳವಡಿಸಲಾಗಿತ್ತು.