ಮಂಗನ ಕಾಯಿಲೆ ನಡೆದು ಬಂದ ದಾರಿ



ಬೆಳ್ಳಿ ಹಬ್ಬದ ಸಂಚಿಕೆ ಅಂದ ಮೇಲೆ ಸಂಘ ನಡೆದು ಬಂದ ದಾರಿ, ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಇದ್ದೇ ಇರುತ್ತದೆ. ಅದನ್ನೆಲ್ಲ ಕಾರ್ಯದರ್ಶಿಗಳು ಬೇರೆ ಪುಟದಲ್ಲಿ ಬರೆದಿದ್ದಾರೆ. ನಮಗೆ ಸಂಚಿಕೆಯ ಸಮಿತಿಯವರು ಊರಿಗೆ ಉಪಯೋಗವಾಗುವಂಥ ಒಂದು ಇತಿಹಾಸ ಬರೆದುಕೊಡಿ ಎಂದರು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ರಾಜ ಮಹಾರಾಜರ ಇತಿಹಾಸ ನಮ್ಮ ಕೈಗೆ ಹತ್ತುವುದಲ್ಲ. ಆದರೆ ಕೊಟ್ಟಿಗೆ, ದನ, ಸೊಪ್ಪಿನ ಬೆಟ್ಟ, ಕಾಡು ಇವುಗಳ ನಡುವೆಯೇ ಒಂದು ಇತಿಹಾಸ ಇದೆ. ಅದು ಮಂಗನ ಕಾಯಿಲೆಯದು. ಪ್ರಾಣಿಗಳಿಂದ ಮನುಷ್ಯರಿಗೆ ಬರುವ ವೈರಸ್ ರೋಗಗಳ ಬಗ್ಗೆ ಲೋಕವೆಲ್ಲ 2020ರಲ್ಲಿ ಕೊರೋನಾ ಬಂದ ಮೇಲೆ ಮಾತಾಡಿತು. ನಮ್ಮ ಮಲೆನಾಡು ಅಂಥದೊಂದನ್ನು 1957ರಿಂದಲೂ ನೋಡುತ್ತಾ ಬಂದಿದೆ.

ಮೊದಲಿಗೆ ಒಂದು ಮಾತು. ಮಂಗನ ಬಾವು ಬೇರೆ, ಮಂಗನ ಕಾಯಿಲೆ ಬೇರೆ. ಮಕ್ಕಳಿಗೆ ಕೆನ್ನೆಯ ಹಿಂದೆ ಊದಿಕೊಳ್ಳುವುದು ಮಂಗನ ಬಾವು. ಅದಕ್ಕೂ ಮಂಗಕ್ಕೂ ಸಂಬಂಧವೇ ಇಲ್ಲ. ನಾವು ಹೇಳ ಹೊರಟಿರುವುದು ಕಾಡಿನಿಂದ ಬರುವ ಜ್ವರದ ಬಗ್ಗೆ.

ಕರ್ನಾಟಕ ಏಕೀಕರಣ ಆಗಿ ಕೆಲವೇ ತಿಂಗಳು. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಕಪ್ಪು ಮೋರೆಯ ಮುಸಿಯ, ಕೆಂಪು ಮೋರೆಯ ಮಂಗ ಎರಡೂ ಸತ್ತವು. ಅದೇ ಹೊತ್ತಿಗೆ ಆ ಕಾಡಿಗೆ ಕಟ್ಟಿಗೆಗೆ, ಸೊಪ್ಪಿಗೆ, ದನ ಮೇಯಿಸಲಿಕ್ಕೆ ಹೋದವರು ಜ್ವರದಿಂದ ಮಲಗಿದರು. ಮೊದಲು ಇದು ವಿಷಮ ಶೀತ ಜ್ವರ, ಅಂದರೆ ಟೈಫಾಯಿಡ್ ಇರಬಹುದೆಂದೇ ತಿಳಿದರು. 1957ರ ಆ ಒಂದು ಬೇಸಿಗೆಯಲ್ಲಿ ಕಾಯಿಲೆ ಬಿದ್ದವರು ನಾನೂರಕ್ಕೂ ಹೆಚ್ಚು ಜನ.

ಪುಣೆಯಲ್ಲಿ 1952ರಲ್ಲೇ ಒಂದು ವೈರಸ್ ಸಂಶೋಧನಾ ಕೇಂದ್ರ ಶುರುವಾಗಿತ್ತು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಮಂಗ ಸಾಯುತ್ತಿವೆ ಎಂಬ ಸುದ್ದಿ ಅಲ್ಲಿಗೆ ಮುಟ್ಟಿದ ಕೂಡಲೇ ವಿಜ್ಞಾನಿಗಳು ಗಾಬರಿಯಾದರು. ಯಾಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗ ಸತ್ತು ಆಮೇಲೆ ಜನ ಸಾಯುವ ರೋಗವೆಂದರೆ ಹಳದಿ ಜ್ವರ. ಅದು ಸೊಳ್ಳೆಯಿಂದ ಹರಡುವುದು. ನಮ್ಮ ದೇಶಕ್ಕೆ ಅದು ಯಾವತ್ತೂ ಬಂದಿಲ್ಲ, ಬಂದರೆ ಸೊಳ್ಳೆಗೇನೂ ಬರಗಾಲ ಇಲ್ಲ. ಕೇಂದ್ರದ ನಿರ್ದೇಶಕರಾಗಿದ್ದ ಅಮೆರಿಕದ ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಡಾ. ಹೆರಾಲ್ಡ್ ಟ್ರಪಿಡೋ ಅವರ ತಂಡ ಸೊರಬದ ಕಾಡಿಗೆ ಬಂತು. ರಾಜ್ಯದ ಆರೋಗ್ಯ ಇಲಾಖೆಯ ವೈದ್ಯರೂ ಜೊತೆಗೂಡಿದರು. ಸತ್ತ ಮಂಗಗಳಿಂದಲೂ ಜ್ವರದವರ ರಕ್ತದಿಂದಲೂ ವೈರಸ್ ಬೇರ್ಪಡಿಸಿದರು. ನೋಡಿದರೆ ಅದು ಹಳದಿ ಜ್ವರ ಅಲ್ಲವೇ ಅಲ್ಲ. ದೂರದ ರಷ್ಯಾದ ಕಾಡಿನಲ್ಲಿ ಉಣುಗಿನಿಂದ ಬರುವ ಒಂದು ಮಿದುಳು ಜ್ವರದ ಹತ್ತಿರದ ಬಂಧು. ಆದರೂ ಹೊಸದು. ಊರಿನ ಹೆಸರನ್ನೇ ಇಟ್ಟು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆ.ಎಫ್.ಡಿ. ಎಂದು ಕರೆದರು. ಹೀಗೆ ಸೊರಬದ ಒಂದು ಪುಟ್ಟ ಹಳ್ಳಿಯ ಹೆಸರು ಲೋಕದ ವೈದ್ಯ ಪುಸ್ತಕಗಳಲ್ಲೆಲ್ಲ ಸೇರಿಕೊಂಡಿತು.

ರಷ್ಯಾದ ನಂಟು ಇಲ್ಲಿಗೆ ಹೇಗೆ ಬಂತು? ಸೈಬೀರಿಯಾ ಕಡೆಯಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದು ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1959ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಪರೀಕ್ಷೆ ಮಾಡಿದರು. ಹಕ್ಕಿಗಳ ವಿಷಯ ಬಹಳ ತಿಳಿಯಿತು. ಕಾಯಿಲೆಯನ್ನು ಅವು ತಂದವು ಎಂಬುದು ಮಾತ್ರ ರುಜುವಾತಾಗಲಿಲ್ಲ.

ಹಾಗಾದರೆ ಮೂಲ ಯಾವುದು? ಉಣುಗು. ಕೆಲವು ಕಡೆ ಉಣ್ಣೆ ಎನ್ನುತ್ತಾರೆ. ಪುಣೆಯ ಕೇಂದ್ರದವರು ಸಾಗರದಲ್ಲಿ ಒಂದು ಶಾಖೆ ತೆರೆದು ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದು ಎಳೆದು ಉಣುಗು ಹಿಡಿದು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅದರ ಸಾರ ಇಷ್ಟು. ಉಣುಗು ಮೊಟ್ಟೆಯಿಂದ ಮರಿ, ಮರಿಯಿಂದ ಎಳೆ ಉಣುಗು, ಆಮೇಲೆ ಬಲಿತ ಉಣುಗು ಆಗುತ್ತದೆ. ಪ್ರತಿ ಹಂತಕ್ಕೂ ಒಂದು ಸಲ ರಕ್ತ ಬೇಕು. ಮರಿ ಮತ್ತು ಎಳೆ ಉಣುಗು ಇಲಿ, ಹೆಗ್ಗಣ, ಹಕ್ಕಿ, ಮಂಗಗಳ ರಕ್ತ ಕುಡಿಯುತ್ತವೆ. ಮನುಷ್ಯ ಸಿಕ್ಕರೆ ಅವನನ್ನೂ ಬಿಡುವುದಿಲ್ಲ. ಒಮ್ಮೆ ವೈರಸ್ ಹೊಕ್ಕರೆ ಆ ಉಣುಗಿನಲ್ಲಿ ಅದು ಸಾಯುವ ತನಕ ಇರುತ್ತದೆ. ಈ ಎಳೆ ಉಣುಗು ಕಾಡಿನ ದರಗಿನ ಮೇಲೆ ಹೆಚ್ಚಾಗಿ ಓಡಾಡುವುದು ಡಿಸೆಂಬರಿನಿಂದ ಮೇ ತನಕ. ಎಳ್ಳಿನ ಕಾಳಿಗಿಂತ ಸಣ್ಣದು, ಕಣ್ಣಿಗೆ ಬೀಳುವುದೇ ಕಷ್ಟ. ನಾವು ದರಗು ಗುಡಿಸುವುದು, ಕಟ್ಟಿಗೆ ತರುವುದು, ಸೊಪ್ಪು ಕಡಿಯುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ ಅಲ್ಲವೇ?

ಮಂಗಕ್ಕೆ ಕಾಯಿಲೆ ಬಂದರೆ ತಡೆಯುವ ಶಕ್ತಿ ಇಲ್ಲ, ಸತ್ತು ಬೀಳುತ್ತದೆ. ಅದರ ಮೈಮೇಲಿದ್ದ ಉಣುಗುಗಳು ಉದುರಿ ಆ ಜಾಗದಲ್ಲೇ ಹರಡಿಕೊಳ್ಳುತ್ತವೆ. ಆಮೇಲೆ ಅಲ್ಲಿ ಕಾಲಿಟ್ಟವರಿಗೆ ಅಪಾಯ. ಮಂಗ ನಮ್ಮ ಹಾಗೆಯೇ ರೋಗಕ್ಕೆ ತುತ್ತಾದ ಪ್ರಾಣಿ. ಹೆಸರು ಮಾತ್ರ ಅದರ ತಲೆಗೆ ಕಟ್ಟಿದ್ದೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಮಂಗ ಓಡಿಸಿದರೆ ಕಾಯಿಲೆ ಹೋಗುತ್ತದೆ ಅನ್ನುವವರು ಇವತ್ತಿಗೂ ಇದ್ದಾರೆ. ಹೋಗುವುದಿಲ್ಲ.

ಇನ್ನು ಹಾಲಿನ ಸಂಘದವರಾದ ನಾವು ತಿಳಿಯಲೇಬೇಕಾದ ಮಾತು ದನದ್ದು. ದನಕ್ಕೆ ಈ ಕಾಯಿಲೆ ಬಾಧಿಸುವುದಿಲ್ಲ. ಹಾಲಿಗೂ ಒಂದು ಚೂರು ಇಳಿತಾಯ ಕಾಣುವುದಿಲ್ಲ. ಆದರೆ ಬಲಿತ ಉಣುಗಿಗೆ ದನದ ರಕ್ತವೇ ಊಟ. ಮಳೆಗಾಲದಲ್ಲಿ ದನದ ಮೈಮೇಲೆ ಹೊಟ್ಟೆ ತುಂಬಿಸಿಕೊಂಡ ಹೆಣ್ಣು ಉಣುಗು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಕೊಲಂಬಿಯಾ ದೇಶದಿಂದ ಬಂದು ಇಲ್ಲಿ ಕೆಲಸ ಮಾಡಿದ ಡಾ. ಹೋರ್ಹೆ ಬೋಷೆಲ್ ಎಂಬ ವಿಜ್ಞಾನಿ 1969ರಲ್ಲೇ ಇದನ್ನು ಬರೆದರು. ಕಾಡು ಕಡಿದು ಗದ್ದೆ, ತೋಟ, ಊರು ಆದ ಮೇಲೆ ಕಾಡಂಚಿಗೆ ದನ ನುಗ್ಗಿದವು, ದನದಿಂದ ಉಣುಗು ಹೆಚ್ಚಿತು, ಕಾಡಿನೊಳಗೆ ತನ್ನ ಪಾಡಿಗೆ ಇದ್ದ ವೈರಸ್ಸಿಗೆ ಊರಿನ ದಾರಿ ಸಿಕ್ಕಿತು ಎಂಬುದು ಅವರ ವಾದದ ತಿರುಳು. ದನ ಸಾಕಬೇಡಿ ಎಂದು ಇದರ ಅರ್ಥ ಅಲ್ಲ. ದನ ಬಿಟ್ಟರೆ ನಮಗೆ ಜೀವನ ಎಲ್ಲಿದೆ? ಹೇಗೆ ಸಾಕಬೇಕು ಎಂಬುದೇ ಪ್ರಶ್ನೆ.

ಮೊದಲ ಹದಿನೈದು ವರ್ಷ ಕಾಯಿಲೆ ಸಾಗರ, ಸೊರಬ, ಶಿಕಾರಿಪುರ ತಾಲೂಕುಗಳಲ್ಲೇ ಸುತ್ತಾಡಿತು. 1972ರ ನಂತರ ಹೊಸನಗರ, ತೀರ್ಥಹಳ್ಳಿ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಗೂ ಕಾಲಿಟ್ಟಿತು. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕಿನಲ್ಲಿ ದೊಡ್ಡ ಹಾವಳಿಯಾಗಿ ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಗೇರು ತೋಟ ಮಾಡಲು ದಟ್ಟ ಕಾಡನ್ನು ಬೋಳಿಸಿದ ಬೆನ್ನಿಗೇ ಅದು ಎದ್ದಿತ್ತು. 2012-13ರಲ್ಲಿ ಬಂಡೀಪುರ, ನೀಲಗಿರಿ, ಆಮೇಲೆ ಕೇರಳದ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟದ ಉದ್ದಕ್ಕೂ ಹಬ್ಬಿತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಜೋರಾಯಿತು.

ಲಸಿಕೆಯ ಕತೆಯೂ ಕೇಳಬೇಕಾದ್ದೇ. ಮೊದಲು ರಷ್ಯಾ ಜ್ವರದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು, ಪ್ರಯೋಜನವಾಗಲಿಲ್ಲ. ಆಮೇಲೆ ಈ ವೈರಸ್ಸಿನಿಂದಲೇ ಲಸಿಕೆ ತಯಾರಾಗಿ 1990ರ ದಶಕದಿಂದ ನಮ್ಮ ಹಳ್ಳಿಗಳಲ್ಲಿ ಹಾಕುತ್ತಾ ಬಂದರು. ತಿಂಗಳು ಬಿಟ್ಟು ಎರಡು ಸಲ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷವೂ. ಚುಚ್ಚಿಸಿಕೊಂಡ ತೋಳು ನೋಯುತ್ತದೆ, ಮಾರನೆ ದಿನದ ಕೂಲಿ ಹೋಗುತ್ತದೆ ಅಂತ ಎಷ್ಟೋ ಜನ ಎರಡನೆಯದಕ್ಕೆ ಬರಲೇ ಇಲ್ಲ. 2005ರಿಂದ 2010ರ ತನಕದ ಲೆಕ್ಕ ಹಾಕಿ ನೋಡಿದಾಗ ಎರಡು ಸಲ ಹಾಕಿಸಿಕೊಂಡವರಲ್ಲಿ ಶೇಕಡಾ 62ರಷ್ಟು ರಕ್ಷಣೆ, ಮೂರನೆಯದನ್ನೂ ಹಾಕಿಸಿಕೊಂಡರೆ ಶೇಕಡಾ 83ರಷ್ಟು ಎಂದು ತಿಳಿಯಿತು. ಬರಬರುತ್ತಾ ಅದರ ಶಕ್ತಿ ಸಾಲದೆ 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಹೊಸ ಲಸಿಕೆಗೆ ಕೈಹಾಕಿದ್ದಾರೆ. ಅದು ನಮ್ಮ ಆಸ್ಪತ್ರೆಗೆ ಬರುವ ತನಕ ನಮ್ಮ ಎಚ್ಚರವೇ ನಮಗೆ ಲಸಿಕೆ.

ಈ ಕಾಯಿಲೆಗೆ ಇಂಥದ್ದೇ ಎಂಬ ಔಷಧಿಯೂ ಇಲ್ಲ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಏಕಾಏಕಿ ಜ್ವರ, ವಿಪರೀತ ತಲೆನೋವು, ಸೊಂಟ, ಕೈಕಾಲು ಮುರಿದಂತೆ ನೋವು, ಕಣ್ಣು ಕೆಂಪು. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಒಂದೆರಡು ವಾರಕ್ಕೆ ಇಳಿಯಿತು ಅಂದುಕೊಳ್ಳುವಾಗ ಕೆಲವರಿಗೆ ಎರಡನೆ ಸಲ ಜ್ವರ ಮರುಕಳಿಸಿ ಮಿದುಳಿಗೆ ತಾಗುತ್ತದೆ. ಜ್ವರ ಬಿಟ್ಟಿತೆಂದು ಕೂಡಲೇ ಕೆಲಸಕ್ಕೆ ಇಳಿಯಬಾರದು ಎನ್ನುವುದು ಅದಕ್ಕೇ. ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಬೇಗ ಆಸ್ಪತ್ರೆಗೆ ಸೇರಿದವರಿಗೆ ಉಳಿಯುವ ದಾರಿ ಹೆಚ್ಚು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಆದ್ದರಿಂದ ಕಾಯಿಲೆಯವರ ಮನೆಗೆ ಹೋಗದೆ ಇರುವುದು, ಅವರ ಮನೆಯ ಹಾಲು ಬೇಡ ಅನ್ನುವುದು ಸಲ್ಲದು. ಅಂಥ ಮನೆಯವರ ದನ ಕರೆದು ಹಾಲು ಡೇರಿಗೆ ತಂದುಕೊಡುವುದು ನೆರೆಯವರ ಧರ್ಮ.

ಒಂದು ಕಟು ಮಾತು ಹೇಳಿದರೆ ಸದಸ್ಯರು ಬೇಸರಿಸಬಾರದು. ಕಾಡಿಗೆ ಹೋಗಿ ಕಾಯಿಲೆ ತರುವವರು ಯಾರು? ಹೆಚ್ಚಿನವರು ನಮ್ಮ ಕೊಟ್ಟಿಗೆಗೆ ದರಗು, ತೋಟಕ್ಕೆ ಸೊಪ್ಪು ಹೊರುವ ಕೂಲಿಯವರು, ಒಲೆಗೆ ಕಟ್ಟಿಗೆ ತರುವ ಹೆಂಗಸರು, ದನ ಕಾಯುವ ಹುಡುಗರು. ಹೊರೆ ಅವರ ತಲೆಯ ಮೇಲೆ, ಗೊಬ್ಬರ ನಮ್ಮ ತೋಟಕ್ಕೆ. ಅವರ ಮೈಗೆ ಹಚ್ಚಲು ಎಣ್ಣೆ ಕೊಡಿಸುವುದು ಕೆಲಸ ಮಾಡಿಸುವವನ ಜವಾಬ್ದಾರಿ ಅಲ್ಲವೇ? ಮೊದಲು ಡಿ.ಎಂ.ಪಿ. ಎಣ್ಣೆ ಕೊಡುತ್ತಿದ್ದರು, ಈಚೆಗೆ ಡೀಪಾ ಎಣ್ಣೆ ಆರೋಗ್ಯ ಇಲಾಖೆಯಿಂದ ಸಿಗುತ್ತದೆ. ಕಾಡಿಗೆ ಹೋಗುವಾಗ ಹಚ್ಚಿ, ಮೈತುಂಬ ಬಟ್ಟೆ ತೊಟ್ಟು, ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ದನಕ್ಕೆ ಉಣುಗಿನ ಔಷಧಿಯನ್ನು ಪಶುವೈದ್ಯರನ್ನು ಕೇಳಿ ತಪ್ಪದೆ ಹಾಕಿಸಬೇಕು. ಮಂಗ ಸತ್ತ ಸುತ್ತಿನ ಕಾಡಿಗೆ ದನ ಹೊಡೆಯಬಾರದು, ಅಲ್ಲಿಯ ದರಗನ್ನು ತರಬಾರದು.

ಸತ್ತ ಮಂಗವನ್ನು ಹನುಮಂತನೆಂದು ಭಾವಿಸಿ ಹೊತ್ತು ಮೆರವಣಿಗೆ ಮಾಡಿ ಸಂಸ್ಕಾರ ಮಾಡುವ ಪದ್ಧತಿ ನಮ್ಮಲ್ಲಿ ಇದೆ. ಭಕ್ತಿ ಇರಲಿ, ಆದರೆ ದೂರದಿಂದಲೇ ಕೈಮುಗಿಯಬೇಕು. ಮುಟ್ಟದೆ ಸುದ್ದಿ ಕೊಟ್ಟರೆ ಇಲಾಖೆಯವರು ಬಂದು ಪರೀಕ್ಷೆಗೆ ತೆಗೆದುಕೊಂಡು, ದೇಹ ಸುಟ್ಟು, ಸುತ್ತಲೂ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ಸುದ್ದಿ ತಡವಾದರೆ ಉಣುಗು ಹರಡಿ ಆಗಿರುತ್ತದೆ. ಕಾಡಿಗೆ ಹೋಗಬೇಡಿ ಅನ್ನುತ್ತಾರೆ ಎಂಬ ಭಯಕ್ಕೆ ಸುದ್ದಿ ಮುಚ್ಚಿಡುವುದುಂಟು. ಒಂದು ವಾರದ ದರಗು ಉಳಿಸಲು ಹೋಗಿ ಒಂದು ಜೀವ ಕಳೆದರೆ ಆ ಲೆಕ್ಕ ಯಾವ ಪುಸ್ತಕದಲ್ಲೂ ಸರಿಹೋಗದು.

ಇಲ್ಲಿ ನಮ್ಮ ಸಂಘಕ್ಕೆ ಒಂದು ಕೆಲಸ ಇದೆ ಎಂದು ನಮ್ಮ ಅಭಿಪ್ರಾಯ. ದಿನಕ್ಕೆರಡು ಹೊತ್ತು ಎಲ್ಲ ಕೇರಿಯ ಜನ, ಮೇಲು ಕೀಳು ಇಲ್ಲದೆ, ಸೇರುವ ಜಾಗ ಹಾಲಿನ ಡೇರಿ ಒಂದೇ. ಯಾವ ಹಾಡ್ಯದಲ್ಲಿ ಮಂಗ ಸತ್ತಿದೆ, ಯಾರ ಮನೆಯಲ್ಲಿ ಜ್ವರ ಇದೆ ಎಂಬುದು ಬೆಳಗಿನ ಹಾಲಿನ ಜೊತೆಗೇ ಬರುತ್ತದೆ. ಅದನ್ನು ಮಾತಾಡಿ ಮರೆಯುವ ಬದಲು ಡೇರಿಯಲ್ಲಿ ಒಂದು ಪುಸ್ತಕ ಇಟ್ಟು ಬರೆದುಕೊಂಡು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದರೆ ಆಯಿತು. ನವೆಂಬರಿನಲ್ಲೇ ಎಣ್ಣೆ ಬಾಟ್ಲಿ ತರಿಸಿಟ್ಟು, ಸದಸ್ಯರಲ್ಲದ ಕೂಲಿಯವರಿಗೂ ಡೇರಿಯಲ್ಲೇ ಹಂಚಬಹುದು. ಸಂಘಕ್ಕೆ ಇದರಿಂದ ಬರುವ ಖರ್ಚು ಒಂದು ಪುಸ್ತಕ, ಒಂದು ಪೆನ್ನು.

ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ನಾವು ಮಂಡಿಸುವವರಿದ್ದೇವೆ. ಸದಸ್ಯರು ತಪ್ಪದೆ ಬಂದು ಚರ್ಚಿಸಿ ಒಪ್ಪಿಗೆ ಕೊಡಬೇಕಾಗಿ ವಿನಂತಿ.