ಕೋಳಿಯ ಗುಂಡಿಗೆ

ಅಮೆರಿಕದಲ್ಲಿ ಎಲೆ ಉದುರುವ ಕಾಲ ಬಂತೆಂದರೆ, ಅಕ್ಟೋಬರ್ 31ರ ಹ್ಯಾಲೋವೀನ್ ನೆಪದಲ್ಲಿ ಹಳೇ ರೇಡಿಯೋದ ಭಯಾನಕ ನಾಟಕಗಳನ್ನು ಹುಡುಕಿ ಕೇಳುವವರು ಬಹಳ ಮಂದಿ. ನನಗೂ ಆ ಹುಚ್ಚು ಹತ್ತಿದೆ. ಹಾಗೆ ಹುಡುಕುತ್ತಾ ಹೋದಾಗ ಒಂದು ತಮಾಷೆ ಗೊತ್ತಾಯ್ತು. ಎಲ್ಲರೂ ನೆನಪಿಸಿಕೊಳ್ಳುವ ಒಂದು ನಾಟಕದ ಮೂಲ ಧ್ವನಿಮುದ್ರಣವೇ ಈವರೆಗೆ ಸಿಕ್ಕಿಲ್ಲ!

ಅದರ ಹೆಸರು 'ಚಿಕನ್ ಹಾರ್ಟ್'. 'ಲೈಟ್ಸ್ ಔಟ್' ಎಂಬ ಸರಣಿಯಲ್ಲಿ 1937ರ ಮಾರ್ಚ್ 10ರಂದು ಪ್ರಸಾರವಾಯಿತು. ಈ ಸರಣಿಯನ್ನು 1934ರಲ್ಲಿ ಶಿಕಾಗೋದಲ್ಲಿ ಶುರು ಮಾಡಿದವನು ವಿಲಿಸ್ ಕೂಪರ್. ಮಕ್ಕಳೆಲ್ಲ ಮಲಗಿರಲಿ ಅಂತ ಪ್ರಸಾರ ನಡುರಾತ್ರಿಗೆ (ಮಲಗುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು). 1936ರಲ್ಲಿ ಆರ್ಚ್ ಓಬೊಲರ್ ಬಂದ. ಸದ್ದು ಹುಟ್ಟಿಸುವುದರಲ್ಲಿ ಇವರು ನಿಸ್ಸೀಮರು. ಮನುಷ್ಯನ ದೇಹ ಒಳಮೈ ಹೊರಗಾಗಿ ಮಗುಚಿಕೊಳ್ಳುವ ಸದ್ದು ಬೇಕೇ? ಒದ್ದೆ ರಬ್ಬರ್ ಕೈಗವಸನ್ನು ಮೈಕಿನ ಮುಂದೆ ತಿರುವಿ ಹಾಕುವುದು, ಜೊತೆಗೆ ಹಣ್ಣಿನ ಬುಟ್ಟಿಯೊಂದನ್ನು ಲಟಲಟನೆ ಹಿಚುಕುವುದು.

'ಚಿಕನ್ ಹಾರ್ಟ್' ಕಥೆ ಇಷ್ಟೇ. ಪ್ರಯೋಗಾಲಯದಲ್ಲಿ ಜೀವಂತ ಇಟ್ಟಿದ್ದ ಕೋಳಿಯ ಹೃದಯ ಬೆಳೆಯತೊಡಗುತ್ತದೆ. ಕಟ್ಟಡ, ಊರು, ದೇಶ ಎಲ್ಲವನ್ನೂ ನುಂಗುತ್ತದೆ. ಕಡೆಗೆ ಉಳಿದವರು ವಿಮಾನದಲ್ಲಿ ಹಾರುತ್ತಿರುತ್ತಾರೆ, ಕೆಳಗೆ ನೆಲವೇ ಇಲ್ಲ, ಬರೀ ಹೃದಯ... ಡಬ್ ಡಬ್, ಡಬ್ ಡಬ್. ಎಂಜಿನ್ ಕೈಕೊಡುತ್ತದೆ.

ನಗು ಬರುತ್ತದೆ ಅಲ್ವಾ? ಆದರೆ ಆಗಿನವರಿಗೆ ಇದು ಪೂರ್ತಿ ಕಟ್ಟುಕಥೆ ಅನ್ನಿಸಿರಲಾರದು. 1912ರ ಜನವರಿಯಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ನಿಜವಾಗಿಯೂ ಕೋಳಿ ಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಶುರು ಮಾಡಿದ್ದ. ಅದೇ ವರ್ಷ ಬೇರೆ ಕೆಲಸಕ್ಕಾಗಿ ಅವನಿಗೆ ನೊಬೆಲ್ ಕೂಡ ಬಂತು. ಆ ಜೀವಕೋಶಗಳಿಗೆ ಸಾವೇ ಇಲ್ಲ ಎಂದ. ಪತ್ರಿಕೆಗಳು ಪ್ರತಿ ಜನವರಿಯಲ್ಲೂ ಅದರ ಹುಟ್ಟುಹಬ್ಬದ ಸುದ್ದಿ ಹಾಕುತ್ತಿದ್ದವು! ಕ್ಯಾರೆಲ್ 1944ರಲ್ಲಿ ತೀರಿಕೊಂಡ, ಅದನ್ನು 1946ರಲ್ಲಿ ಎಸೆದರು. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್, ಮನುಷ್ಯನ ಸಹಜ ಜೀವಕೋಶಗಳು ಒಂದಷ್ಟು ಸಲ ಒಡೆದು ಆಮೇಲೆ ನಿಂತುಬಿಡುತ್ತವೆ ಎಂದು ತೋರಿಸಿದರು. ಹಾಗಾದರೆ ಆ ಹೃದಯ ಮೂವತ್ತನಾಲ್ಕು ವರ್ಷ ಬದುಕಿದ್ದು ಹೇಗೆ? ತಿನ್ನಿಸುತ್ತಿದ್ದ ಭ್ರೂಣದ ರಸದ ಜೊತೆಯಲ್ಲೇ ಹೊಸ ಜೀವಕೋಶಗಳು ಸೇರುತ್ತಿದ್ದವೇನೋ ಎಂಬ ಅನುಮಾನ ಇದೆ. ನನಗಂತೂ ನಾಟಕಕ್ಕಿಂತ ಇದೇ ಹೆಚ್ಚು ಭಯ ಹುಟ್ಟಿಸಿತು. ಅಷ್ಟು ವರ್ಷ ಎಲ್ಲರೂ ನಂಬಿದ್ದರಲ್ಲ!

ನಾಟಕದ ಮೂಲ ಹೋಯಿತು, ಕಥೆ ಉಳಿಯಿತು. ಓಬೊಲರ್ 1962ರಲ್ಲಿ 'ಡ್ರಾಪ್ ಡೆಡ್' ಎಂಬ ಎಲ್‌ಪಿ ತಟ್ಟೆಗೆ ಅದನ್ನು ಚಿಕ್ಕದಾಗಿ ಮತ್ತೆ ಮಾಡಿಸಿದ. 1966ರಲ್ಲಿ ಬಿಲ್ ಕಾಸ್ಬಿ, ಹುಡುಗನಾಗಿದ್ದಾಗ ಅದನ್ನು ಕದ್ದು ಕೇಳಿ ಹೆದರಿದ ಕಥೆಯನ್ನು ಹಾಸ್ಯದ ಆಲ್ಬಮ್ಮಿನಲ್ಲಿ ಹೇಳಿದ. ಬಹಳ ಜನಕ್ಕೆ ಗೊತ್ತಿರುವುದು ಆ ಹೃದಯವೇ. ಬ್ಯಾಕಪ್ ಇಲ್ಲದ ಫೈಲನ್ನು ಯಾರೋ ನೆನಪಿನಿಂದ ಮತ್ತೆ ಟೈಪ್ ಮಾಡಿಕೊಟ್ಟ ಹಾಗೆ.

ಓಬೊಲರ್‌ನ ಚಿಕ್ಕ ಆವೃತ್ತಿಯನ್ನು ಮೊನ್ನೆ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕೇಳಿದೆ. ಡಬ್ ಡಬ್ ಜೋರಾದಾಗ ಎದ್ದು ಲೈಟ್ ಹಾಕಿದೆ. ಮಾರನೇ ದಿನ ಕ್ಯಾಂಟೀನಿನಲ್ಲಿ ಚಿಕನ್ ಇತ್ತು. ನಾನು ಮೊಸರನ್ನ ತಿಂದೆ :-)