ಒಂದು ದಿನಾಂಕದ ಆಳ್ವಿಕೆ: ಮುಂಬಯಿ ಕಟ್ಟಡಗಳ ಒಡೆತನ

ಮುಂಬಯಿಯ ಹಳೆಯ ಕಟ್ಟಡಗಳ ಒಡೆಯರ ಹಕ್ಕಿನ ಇತಿಹಾಸವನ್ನು ಅರಸಹೊರಟವರಿಗೆ 1940ರ ಸೆಪ್ಟೆಂಬರ್ 1 ಎಂಬ ದಿನಾಂಕವು ಮತ್ತೆ ಮತ್ತೆ ಎದುರಾಗುವುದು. ಶಾಲೆಯ ಇತಿಹಾಸದಲ್ಲಿ ಅದಕ್ಕೆ ಎಡೆಯಿಲ್ಲ. ಬಾಡಿಗೆಯ ಲೋಕದಲ್ಲಿ ಮಾತ್ರ ಅದು ಅರ್ಧಶತಮಾನಕ್ಕೂ ಮಿಕ್ಕಿ ಆಳಿತು.

ಮೊದಲನೆಯ ಮಹಾಯುದ್ಧದ ಕಡೆಯ ವರ್ಷವಾದ 1918ರಲ್ಲಿಯೇ ಮುಂಬಯಿ ಸರಕಾರವು ಬಾಡಿಗೆಯನ್ನು ನಿರ್ಬಂಧಿಸುವ ಶಾಸನವೊಂದನ್ನು ತಂದಿತ್ತು. ಎರಡನೆಯ ಯುದ್ಧದೊಡನೆ ಅದೇ ಉಪಾಯವು ಮರಳಿ ಬಂದು, 1947ರ ಮುಂಬಯಿ ಬಾಡಿಗೆ ಕಾಯಿದೆಯಲ್ಲಿ ಪೂರ್ಣರೂಪವನ್ನು ಪಡೆಯಿತು. ಸದರಿ ದಿನಾಂಕದಂದು ಇದ್ದ ಬಾಡಿಗೆಯೇ ‘ಪ್ರಮಾಣ ಬಾಡಿಗೆ’ಯೆನಿಸಿತು. ಅದಕ್ಕೆ ಮೀರಿ ಪಗಡಿಯ ಹಣವನ್ನು ಪಡೆಯುವುದು ಅಪರಾಧವಾಯಿತು. ಬಾಡಿಗೆಯ ಬಾಕಿ, ಒಡೆಯನ ಸ್ವಂತ ಅಗತ್ಯ, ಕದ್ದು ಕೊಟ್ಟ ಒಳಬಾಡಿಗೆ ಮೊದಲಾದ ಕೆಲವು ಕಾರಣಗಳ ಹೊರತು ಬಾಡಿಗೆದಾರನನ್ನು ಎಬ್ಬಿಸುವಂತಿರಲಿಲ್ಲ. ಸ್ವಂತ ಅಗತ್ಯವು ರುಜುವಾತಾದರೂ ಇಬ್ಬರಲ್ಲಿ ಯಾರ ಕಷ್ಟ ಹಿರಿದೆಂಬುದನ್ನು ನ್ಯಾಯಾಲಯವು ತೂಗಿ ನೋಡಬೇಕಾಗಿತ್ತು. ದೇಶವಿಭಜನೆಯ ನಿರಾಶ್ರಿತರು ಬಂದಿಳಿಯುತ್ತಿದ್ದ ನಗರದಲ್ಲಿ ಇದನ್ನು ಅನ್ಯಾಯವೆನ್ನುವುದು ಕಷ್ಟ. ಹೊಟ್ಟೆಪಾಡಿಗಾಗಿ ಬಂದು ಚಾಳುಗಳಲ್ಲಿ ಬಿಡಾರ ಹೂಡಿದ, ಬಾಡಿಗೆಯ ಮಳಿಗೆಗಳಲ್ಲಿ ಉಡುಪಿ ಹೋಟೆಲುಗಳನ್ನು ನಡೆಯಿಸಿದ ಕನ್ನಡಿಗರೂ ಈ ಕಾಯಿದೆಯ ನೆರಳಿನಲ್ಲಿ ಬಾಳಿದವರೇ.

ಕಾಯಿದೆಯ ದೋಷವು ಅದರ ಆಯುಷ್ಯದಲ್ಲಿತ್ತು. ತಾತ್ಕಾಲಿಕವೆಂದು ಹುಟ್ಟಿದ ಅದನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಸುಣ್ಣ, ಸಿಮೆಂಟು, ಕೂಲಿ ಎಲ್ಲವೂ ಏರಿದರೂ ಬಾಡಿಗೆ ಏರಲಿಲ್ಲ. ಒಡೆಯರು ದುರಸ್ತಿಯನ್ನು ಕೈಬಿಟ್ಟರು, ಕಟ್ಟಡಗಳು ಕುಸಿಯತೊಡಗಿದವು. 1969ರಲ್ಲಿ ಸರಕಾರವು ದುರಸ್ತಿ ಮಂಡಲಿಯೊಂದನ್ನು ರಚಿಸಿ, ಹಳೆಯ ಕಟ್ಟಡಗಳ ಮೇಲೆ ಮೇಲ್ತೆರಿಗೆ ಹಾಕಿತು. ಅಲ್ಲಿಯೂ ಮೊದಲ ವರ್ಗದ ಗಡಿ 1940ರ ಸೆಪ್ಟೆಂಬರ್ 1ಕ್ಕೆ ಮುಂಚಿನ ಕಟ್ಟಡಗಳೇ!

1976ರ ಮಹಾರಾಷ್ಟ್ರ ಗೃಹನಿರ್ಮಾಣ ಕಾಯಿದೆಗೆ 1986ರಲ್ಲಿ ಸೇರಿದ ಅಧ್ಯಾಯವು ಇನ್ನೂ ಮುಂದೆ ಹೋಯಿತು. ಮೇಲ್ತೆರಿಗೆಗೊಳಪಟ್ಟ ಕಟ್ಟಡದ ನಿವಾಸಿಗಳಲ್ಲಿ ಶೇಕಡಾ 70 ಮಂದಿ ಸಹಕಾರಿ ಸಂಘ ಕಟ್ಟಿ ಕೇಳಿಕೊಂಡರೆ ಕಟ್ಟಡವನ್ನೂ ನೆಲವನ್ನೂ ಅವರಿಗಾಗಿ ಸ್ವಾಧೀನಪಡಿಸಿಕೊಳ್ಳಬಹುದು. ಒಡೆಯನಿಗೆ ಸಲ್ಲುವ ಮೊತ್ತ ತಿಂಗಳ ಬಾಡಿಗೆಯ 100 ಪಟ್ಟು. ಇಪ್ಪತ್ತು ರೂಪಾಯಿ ಬಾಡಿಗೆಯ ಕೋಣೆಗೆ ಎರಡು ಸಾವಿರ ರೂಪಾಯಿ! ಬಾಡಿಗೆಯನ್ನು ಹೆಪ್ಪುಗಟ್ಟಿಸಿದ ಸರಕಾರವೇ ಆ ಬಾಡಿಗೆಯಿಂದ ಬೆಲೆಯನ್ನು ಅಳೆಯಿತು. ಒಡೆತನವು ಕಾಗದದಲ್ಲಿ ಉಳಿದು ಗಣಿತದಲ್ಲಿ ಕರಗಿತೆಂದರೆ ಉತ್ಪ್ರೇಕ್ಷೆಯಾಗದು.

ಬಾಡಿಗೆಯ ಪ್ರಶ್ನೆಗೆ ಉತ್ತರ ಮೊದಲು ದೊರೆಯಿತು. ಹೆಸರಿನಲ್ಲಿಯೇ ಉಡುಪಿಯ ಕಡಲತೀರವನ್ನು ಹೊತ್ತ ‘ಮಲ್ಪೆ ವಿಶ್ವನಾಥ ಆಚಾರ್ಯ’ ಪ್ರಕರಣದಲ್ಲಿ, 1997ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ಪ್ರಮಾಣ ಬಾಡಿಗೆಯ ನಿಬಂಧನೆಗಳು ಹುಟ್ಟಿದಾಗ ಯುಕ್ತವಾಗಿದ್ದರೂ ಕಾಲಗತಿಯಲ್ಲಿ ಅಯುಕ್ತವಾದುವೆಂದು ಸಾರಿತು. ಆದರೆ ಕಾಯಿದೆಯ ಅವಧಿ 1998ರ ಮಾರ್ಚಿ 31ಕ್ಕೆ ಮುಗಿಯಲಿದ್ದುದರಿಂದ ಅದನ್ನು ರದ್ದುಮಾಡಲಿಲ್ಲ. ಅವಧಿ ಮತ್ತೊಮ್ಮೆ ಬೆಳೆದು, 1999ರ ಕಾಯಿದೆಯು 2000ದ ಮಾರ್ಚಿ 31ರಿಂದ ಜಾರಿಗೆ ಬಂದಿತು. ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅದು ಒಪ್ಪಿತು, ಪಗಡಿಗೂ ಮಾನ್ಯತೆ ನೀಡಿತು. ಬ್ಯಾಂಕುಗಳನ್ನೂ ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಬಂಡವಾಳದ ಕಂಪನಿಗಳನ್ನೂ ರಕ್ಷಣೆಯಿಂದ ಹೊರಗಿಟ್ಟಿತು. ಬಡವನಿಗೆಂದು ನೇಯ್ದ ಕಂಬಳಿಯನ್ನು ಧನಿಕರು ಅಲ್ಲಿಯವರೆಗೆ ಹೊದ್ದಿದ್ದರು.

ಸ್ವಾಧೀನದ ವ್ಯಾಜ್ಯ ಮಾತ್ರ ದೀರ್ಘವಾಯಿತು. ‘ಪ್ರಾಪರ್ಟಿ ಓನರ್ಸ್ ಅಸೋಸಿಯೇಷನ್’ 1986ರ ಅಧ್ಯಾಯವನ್ನು ಪ್ರಶ್ನಿಸಿತು. ಮುಂಬಯಿ ಉಚ್ಚ ನ್ಯಾಯಾಲಯವು 1991ರಲ್ಲಿ ಅದನ್ನು ತಿರಸ್ಕರಿಸಲು ಮೇಲ್ಮನವಿಯಾಯಿತು. ಆಸ್ತಿಯ ಹಕ್ಕು 1978ರ 44ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಂಕ್ತಿಯನ್ನು ಕಳೆದುಕೊಂಡಿತ್ತು; ಆದುದರಿಂದ ಸಂವಿಧಾನದ 39(ಬಿ) ವಿಧಿಯ ‘ಸಮುದಾಯದ ಭೌತಿಕ ಸಂಪನ್ಮೂಲ’ದಲ್ಲಿ ಖಾಸಗಿ ಮನೆಯೂ ಸೇರುವುದೇ ಎಂಬುದೇ ಮುಖ್ಯ ವಿವಾದವಾಯಿತು. ಸೇರುವುದೆಂಬ ಮಾತಿನ ಬೇರು ಕರ್ನಾಟಕದಲ್ಲಿದೆ. ಖಾಸಗಿ ಬಸ್ಸುಗಳ ಸ್ವಾಧೀನಕ್ಕೆ ಸಂಬಂಧಿಸಿದ, 1977ರಲ್ಲಿ ತೀರ್ಮಾನವಾದ ರಂಗನಾಥ ರೆಡ್ಡಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಪ್ರತ್ಯೇಕವಾಗಿ ಬರೆದರು. ಬಹುಮತದ ನಾಲ್ವರು ಅದಕ್ಕೆ ತಮ್ಮ ಸಮ್ಮತಿಯಿಲ್ಲವೆಂದಿದ್ದರು. ಆದರೂ 1982ರ ಸಂಜೀವ್ ಕೋಕ್ ತೀರ್ಪು ಅಲ್ಪಮತವನ್ನೇ ಅನುಸರಿಸಿತು.

ಒಂಬತ್ತು ನ್ಯಾಯಮೂರ್ತಿಗಳ ಪೀಠವು 2024ರ ನವೆಂಬರ್ 5ರಂದು ಈ ಗಂಟನ್ನು ಬಿಡಿಸಿತು. ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಲ್ಲ. ವಸ್ತುವಿನ ಸ್ವರೂಪ, ಅದರ ವಿರಳತೆ, ಸಮುದಾಯದ ಮೇಲಣ ಪರಿಣಾಮ ಇವನ್ನು ನೋಡಿ ನಿರ್ಣಯಿಸಬೇಕೆಂದು ಏಳು ಮಂದಿಯ ಪರವಾಗಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಬರೆದರು. ನ್ಯಾಯಮೂರ್ತಿ ಧೂಲಿಯಾ ಭಿನ್ನಮತ ತಳೆದರು. ಕರ್ನಾಟಕದವರಾದ ನ್ಯಾಯಮೂರ್ತಿ ನಾಗರತ್ನ ಭಾಗಶಃ ಒಪ್ಪಿದರೂ, ಹಿಂದಿನವರು ತಮ್ಮ ಕಾಲದ ಆರ್ಥಿಕ ನೀತಿಗೆ ತಕ್ಕಂತೆ ಬರೆದುದಕ್ಕಾಗಿ ಅವರನ್ನು ಹಳಿಯುವುದು ತರವಲ್ಲವೆಂದು ಹೇಳಿದರು. ಪೀಠವು ವಿಧಿಯ ಅರ್ಥವನ್ನಷ್ಟೇ ನಿರ್ಣಯಿಸಿತು. 1986ರ ಅಧ್ಯಾಯದ ಸಿಂಧುತ್ವವನ್ನು ಅಂದು ತೂಗಲಿಲ್ಲ.